ಜಿಂಕೆ ಗುರುತಿನ ರೈಫಲ್

ಶ್ರೀ ಮಹದೇಶ್ವರ ಪ್ರಸನ್ನ

ಚಾಮರಾಜನಗರ
೨೬-೧೦-೧೯೫೬, ಶುಕ್ರವಾರ

ಹಂಗಳದ ಮನೆಯ ಯಜಮಾನರಿಗೆ ಶಾಂತಮಲ್ಲಮ್ಮ ಮಾಡುವ ಶರಣಾರ್ಥಿಗಳು.

ಈ ಕಾಗದವನ್ನು ಜಗಲಿಯ ಮೇಲೆ ಕುಳಿತು ಓದಬೇಡಿ. ಮನೆಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿಸಿಕೊಂಡು ಕೇಳುವುದು ಅತ್ತೆಯವರ ಅಭ್ಯಾಸ. ಇದು ಅವರ ಕಿವಿಗೆ ಬೀಳಬಾರದು. ಕೇಳಿದರೆ, ಎಲ್ಲರೂ ಕ್ಷೇಮವಂತೆ, ರೈಫಲ್ಲಿನ ಕೆಲಸ ಇನ್ನೂ ಸ್ವಲ್ಪ ಉಳಿದಿದೆಯಂತೆ ಎಂದು ಎರಡು ಮಾತು ಹೇಳಿ, ಇದನ್ನು ಜೇಬಿಗೆ ಹಾಕಿಕೊಂಡು ಕಡಲೆಕಾಯಿ ಹೊಲಕ್ಕೆ ಹೋಗಿ ಓದಿ. ಮೂರು ವರ್ಷದ ಮೇಲೆ ಬರೆದ ಮೊದಲ ಕಾಗದದಲ್ಲೂ ಅಪ್ಪಣೆ ಕೊಡುತ್ತಾಳಲ್ಲ ಎಂದು ಬೈದುಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಹೇಳಿದಂತೆ ಮಾಡಿ.

ಮಂಗಳವಾರ ಮಧ್ಯಾಹ್ನ ನಿಮ್ಮ ತಮ್ಮ ಮಾದಪ್ಪ ಗೋಣಿತಾಟಿನಲ್ಲಿ ಸುತ್ತಿದ ರೈಫಲ್ ಹೊತ್ತು ನಮ್ಮ ತವರಿನ ಬಾಗಿಲಲ್ಲಿ ಬಂದು ನಿಂತ. ಗುಂಡ್ಲುಪೇಟೆಯ ಬಸ್ಸಿನ ಕೆಂಪು ಧೂಳು ಅವನ ಹುಬ್ಬಿನ ಮೇಲೆಲ್ಲ ಕೂತಿತ್ತು. ಕೋವಿ ಒಡೆದು ಅವನ ಕಣ್ಣು ಹೋದ ಮೇಲೆ ನಾನು ಅವನನ್ನು ನೋಡಿದ್ದು ಇದೇ ಮೊದಲು. ಎಡಗಣ್ಣಿನ ರೆಪ್ಪೆ ಒಳಕ್ಕೆ ಇಳಿದಿದೆ, ಮುಖ ಮಾತ್ರ ಮೊದಲಿನಂತೆಯೇ ನಗುತ್ತದೆ. ಒಳಗೆ ಕರೆಯಬೇಕೆಂಬುದೂ ಮರೆತು ನಿಂತುಬಿಟ್ಟೆ. ಅವನೇ, "ಅತ್ಗೆ, ನೀರಾರ ಕೊಡೀರಾ, ಇಲ್ಲ ಇಂಗೇ ವಾಪಸ್ ಓಗನಾ?" ಅಂದ.

ಅಪ್ಪನಿಗೆಂದು ನೀವು ಬರೆದ ಚೀಟಿಯನ್ನು ನಾಲ್ಕು ಸಲ ಓದಿದೆ. ಹೊಸದಾಗಿ ಬಿಟ್ಟಿರುವ ಬೋಲ್ಟ್ ರೈಫಲ್, ನಮ್ಮ ತಾಲ್ಲೂಕಿಗೆ ಬಂದದ್ದರಲ್ಲಿ ಇದೇ ಮೊದಲನೆಯದು, ಏಜೆಂಟರು ಬಹಳ ಹೊಗಳಿದರು, ನಾನಿನ್ನೂ ಒಂದು ಗುಂಡನ್ನೂ ಹಾರಿಸಿಲ್ಲ, ತಾವು ನೋಡಿ ಒಳ್ಳೆಯದೋ ಕೆಟ್ಟದ್ದೋ ತಿಳಿಸಿದ ಮೇಲೆಯೇ ಹಂದಿ ಕಾವಲಿಗೆ ಒಯ್ಯುತ್ತೇನೆ, ಎಂದು ಬರೆದಿದ್ದೀರಿ. ಓದಿದಷ್ಟೂ ನನಗೆ ಅನುಮಾನ ಹೆಚ್ಚಿತು. "ನಿಮ್ಮಪ್ಪನ ಕೈ ನಂಬಿ ನನ್ನ ತಮ್ಮನ ಕಣ್ಣು ಹೋಯಿತು" ಎಂದು ಊರಿನ ಹಿರಿಯರ ಮುಂದೆ ನಿಂತು ಹೇಳಿದವರು ನೀವೇ. ಅದೇ ಕೈಗೆ ಮತ್ತೆ ಕೋವಿ ಕಳಿಸುತ್ತೀರಿ ಎಂದರೆ ಏನು ತಿಳಿಯಬೇಕು? ಕೆಟ್ಟ ರೈಫಲ್ಲನ್ನು ಬೇಕೆಂದೇ ಕಳಿಸಿ, ಅಪ್ಪ ಅದನ್ನು ಒಳ್ಳೆಯದೆಂದರೆ ಹಿಡಿದು ಹಾಕುವ ಹೂಟವೇ ಎಂದುಕೊಂಡೆ. ಹೊಸ ರೈಫಲ್ ತಂದವರು ಹೊಸ ಹೆಂಡತಿಯನ್ನೂ ತರುತ್ತಾರೇನೋ, ಹಳೆಯ ಲೆಕ್ಕ ಚುಕ್ತ ಮಾಡಲು ಇದೊಂದು ನೆಪವೇನೋ ಎಂದೂ ಅಂದುಕೊಂಡೆ. ನನಗೆ ಅನುಮಾನದ ಗಿರಾಕಿ ಎಂದು ಹೆಸರಿಟ್ಟವರು ನೀವೇ ಅಲ್ಲವೇ. ಬೇಗೂರಿನ ಸಂತೆಯಿಂದ ನೀವು ತಂದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದವಳು ನಾನು.

ಅದು ಅಪ್ಪನ ಕೋವಿ ರಿಪೇರಿ ಅಂಗಡಿಯಲ್ಲಿ ಕಲಿತ ಚಾಳಿ. ಸರ್ಕಾರಿ ಕೋವಿಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದ ಶಿವಮಲ್ಲಪ್ಪನವರು ಯಾವ ಕೋವಿಯನ್ನೂ ಮೊದಲ ನೋಟಕ್ಕೆ ನಂಬಿದವರಲ್ಲ. ಅವರದು ಒಂದು ಕ್ರಮವಿದೆ, ಮೊದಲು ಮೈ, ಕೊನೆಗೆ ಬಾಯಿ. ಎಲ್ಲರೂ ಕೋವಿ ಕೈಗೆ ಬಂದೊಡನೆ ನಳಿಗೆಯೊಳಗೆ ಇಣುಕುತ್ತಾರೆ. ಫಳಫಳ ಹೊಳೆಯುವ ನಳಿಗೆಯನ್ನು ನೋಡಿದವನು ಉಳಿದ ತಪ್ಪುಗಳನ್ನೆಲ್ಲ ಮನಸ್ಸಿನಲ್ಲೇ ಕ್ಷಮಿಸಿಬಿಡುತ್ತಾನೆ ಎನ್ನುವುದು ಅಪ್ಪನ ಮಾತು. ಆದ್ದರಿಂದ ನಮ್ಮ ಅಂಗಡಿಯಲ್ಲಿ ನಳಿಗೆಯ ಸರದಿ ಕಟ್ಟಕಡೆಗೆ. ಈ ಕ್ರಮವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬುಧವಾರ ಬೆಳಿಗ್ಗೆ ರೈಫಲ್ಲನ್ನು ಹಿತ್ತಲ ಬಿಸಿಲಿಗೆ ತಂದೆ. ಜಿಂಕೆಯನ್ನು ಹೊಡೆಯುವ ಸಾಮಾನಿಗೆ ಜಿಂಕೆಯದೇ ಗುರುತು ಒತ್ತಿದ್ದಾರೆ, ಕಂಪನಿಯವರ ನಾಚಿಕೆಗೇಡಿತನ ನೋಡಿ. ಮೊದಲು ಹಿಡಿಯ ಮರ. ಆಕ್ರೋಟ್ ಮರವೆಂದು ಏಜೆಂಟರು ಹೇಳಿದರಂತೆ. ಒದ್ದೆ ಬಟ್ಟೆಯಿಂದ ಒಂದು ಕಡೆ ಉಜ್ಜಿದೆ, ಬಟ್ಟೆ ಕಂದು ಬಣ್ಣಕ್ಕೆ ತಿರುಗಿತು. ಯಾವುದೋ ಸಾದಾ ಮರಕ್ಕೆ ಬಣ್ಣ ಬಳಿದಿದ್ದಾರೆ. ಮೇಲೆ ಥಳುಕು, ಒಳಗೆ ಹುಳುಕು ಎಂದು ಗೊಣಗಿಕೊಂಡೆ. ಆದರೆ ಅನ್ಯಾಯವಾಗಿ ಬರೆಯಬಾರದು, ಮರ ಒಣಗಿದೆ. ಅಂಚೆ ಕಾರ್ಡೊಂದನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದರೆ ತುದಿಯಿಂದ ಬುಡದವರೆಗೆ ಎಲ್ಲೂ ತಡೆಯದೆ ಬಂತು. ಮಳೆಗಾಲದಲ್ಲಿ ಮರ ಉಬ್ಬಿ ನಳಿಗೆಯನ್ನು ಪಕ್ಕಕ್ಕೆ ತಳ್ಳುವ ಭಯವಿಲ್ಲ.

ನಂಬರುಗಳನ್ನು ನೋಡಿದೆ. ಹಳೆಯದನ್ನು ಉಜ್ಜಿ ಹೊಸ ನಂಬರು ಒತ್ತಿದ್ದರೆ ಉಗುರಿಗೆ ತಗ್ಗು ಸಿಗುತ್ತದೆ. ಸಿಗಲಿಲ್ಲ. ಬೋಲ್ಟಿಗೂ ಮೈಗೂ ಒಂದೇ ನಂಬರು. ಬೆರಳಿಟ್ಟು ಎಳೆಯುವ ಕುದುರೆ ಮಾತ್ರ ಬಲು ಬಿಗಿ. ತೂಕದ ಕಲ್ಲು ಕಟ್ಟಿ ನೇತುಹಾಕಿದರೆ ಐದು ಪೌಂಡಿಗೆ ಬಿಡಬೇಕಾದದ್ದು ಎಂಟಾದರೂ ಜಪ್ಪಯ್ಯ ಎನ್ನಲಿಲ್ಲ. ಒಳಗೆ ಒಂದು ಕಡೆ ಅರ ಹಾಕಿ ಸರಿಮಾಡಿದ್ದೇನೆ.

ಇನ್ನು ಬೋಲ್ಟು. ಜೀವ ಉಳಿಸುವುದೂ ಕಳೆಯುವುದೂ ಇದೇ. ಬಾಗಿಲ ಚಿಲಕದಂತೆ ತಳ್ಳಿ ತಿರುಗಿಸಿದಾಗ ಅದರ ಎರಡು ಹಲ್ಲುಗಳೂ ಒಳಗಿನ ಗೋಡೆಗೆ ಸಮನಾಗಿ ಒತ್ತಿ ಕೂರಬೇಕು. ಒಂದೇ ಹಲ್ಲಿನ ಮೇಲೆ ಭಾರ ಬಿದ್ದರೆ ಎಂದಾದರೊಂದು ದಿನ ಅದು ಮುರಿದು, ಬೋಲ್ಟು ಹೊಡೆಯುವವನ ಮುಖಕ್ಕೇ ಬರುತ್ತದೆ. ಅಪ್ಪ ದೀಪದ ಮಸಿ ಹಚ್ಚಿ ನೋಡುತ್ತಿದ್ದರು. ನಾನು ನನ್ನ ಕಾಡಿಗೆಯನ್ನೇ ಎರಡೂ ಹಲ್ಲುಗಳಿಗೆ ತೀಡಿ, ಹಾಕಿ ತೆಗೆದೆ. ಎರಡರ ಕಾಡಿಗೆಯೂ ಒಂದೇ ಸಮ ಅಳಿಸಿತ್ತು. ಕಂಪನಿಯವರನ್ನು ಬೈಯಲು ಇದ್ದ ದೊಡ್ಡ ಕಾರಣವೊಂದು ತಪ್ಪಿಹೋಯಿತು.

ಕೊನೆಗೆ ಬಾಯಿ. ಬೋಲ್ಟನ್ನು ಪೂರ್ತಿ ಹೊರಗೆಳೆದಿಟ್ಟು, ಹಿಂದಿನಿಂದ ಕಣ್ಣಿಟ್ಟು ನಳಿಗೆಯನ್ನು ಆಕಾಶಕ್ಕೆ ಹಿಡಿದೆ.

ಏನೂ ಕಾಣಲಿಲ್ಲ. ಕತ್ತಲೆ.

ಒಳಗೆ ಹೋಗಿ ಸಲಾಕೆ ತಂದೆ. ಹಿಂದಿನಿಂದ ಅದನ್ನು ತೂರಿಸಿದರೆ ಬಾಯಿಗೆ ಎರಡು ಬೆರಳು ಉಳಿದಂತೆ ಅದು ತಡೆದು ನಿಂತಿತು. ಕಣಜದ ಹುಳ ಮಣ್ಣಿನ ಗೂಡು ಕಟ್ಟಿರಬಹುದೆಂದು ಮೊದಲು ಅನ್ನಿಸಿತು. ಎಣ್ಣೆ ಆರದ ಹೊಸ ನಳಿಗೆಗೆ ಅದು ಬರುವುದಿಲ್ಲ. ಏಜೆಂಟರ ಕಡೆಯವರ ಉಡಾಫೆಯೇ ಎಂದುಕೊಂಡೆ. ಅಷ್ಟರಲ್ಲಿ ಮುಂಬಾಗಿಲ ಕಡೆಯಿಂದ ಮಾದಪ್ಪ ಅಪ್ಪನೊಡನೆ ನಗುವುದು ಕೇಳಿಸಿತು. ಆಗ ನನ್ನ ತಲೆಗೆ ಬಂದದ್ದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಇವನೇ ಮಾಡಿದ್ದಾನೆ, ಕಣ್ಣು ಕಳೆದುಕೊಂಡವನು ಕಣ್ಣು ಕಳೆಯಲು ಬಂದಿದ್ದಾನೆ, ಅಪ್ಪ ಪರೀಕ್ಷೆಗೆ ಹೊಡೆಯುವಾಗ ಒಡೆಯಲಿ ಎಂದೇ ಬಾಯಿ ಮುಚ್ಚಿ ತಂದಿದ್ದಾನೆ ಎಂದು ಅಷ್ಟೂ ಒಂದೇ ಉಸಿರಿಗೆ ಯೋಚಿಸಿಬಿಟ್ಟೆ. ನನ್ನ ಕೈಯ ಮುದ್ದೆ ಉಂಡು ಬೆಳೆದ ಮೈದುನನ ಮೇಲೆ ಇಂಥ ಅನುಮಾನ. ಇದಕ್ಕೆ ಏನು ಪ್ರಾಯಶ್ಚಿತ್ತವೋ ನನಗೆ ತಿಳಿಯದು.

ಸಲಾಕೆಯನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿದೆ. ಗಾರೆಯಂತೆ ಗಟ್ಟಿಯಾದ ಬಿಳಿಯ ತುಂಡೊಂದು ಹೊರಗೆ ಬಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಎಷ್ಟು ಸಲ ಕೇಳಿದ್ದೇನೆ! ಎತ್ತಿ ಮೂಸಿದೆ. ವಿಭೂತಿ. ನೀರಿನಲ್ಲಿ ಕಲಸಿ, ಹೊರಗೆ ಕಾಣದಷ್ಟು ಒಳಕ್ಕೆ ಕಡ್ಡಿಯಿಂದ ಒತ್ತಿ ತುಂಬಿದ್ದು. ನಡುವೆ ಒಣಗಿದ ಬಿಲ್ವದ ಚೂರು.

ಮಾದಪ್ಪನನ್ನು ಹಿತ್ತಲಿಗೆ ಕರೆದೆ. ತುಂಡನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು, ರೈಫಲ್ ಮನೆಗೆ ಬಂದ ಮೇಲೆ ಯಾರ ಯಾರ ಕೈಯಲ್ಲಿತ್ತು ಎಂದು ಕೇಳಿದೆ. "ಯಾರ್ ಕೈಲೂ ಇಲ್ಲ ಅತ್ಗೆ. ಆಯುಧಪೂಜೇಲಿ ಅವ್ವ ದ್ಯಾವ್ರ ಮನೇಲಿ ಮಡಗಿ ಬಾಗ್ಲಾಕಂಡು ಪೂಜೆ ಮಾಡುದ್ಲು. ಆಮ್ಯಾಕೆ ಗೋಣೀಲಿ ಸುತ್ತಿದ್ದು ಇಲ್ಲೇ ಬಿಚ್ಚಿದ್ದು" ಅಂದ. ಮೂರು ವರ್ಷದಿಂದ ಕೇಳಲು ಧೈರ್ಯವಿಲ್ಲದೆ ಉಳಿದಿದ್ದ ಮಾತನ್ನು ಆಗ ಕೇಳಿದೆ. ಆ ಹಳೆಯ ಒಂಟಿ ನಳಿಗೆ ಕೋವಿ ಎಲ್ಲಿ ಒಡೆಯಿತಪ್ಪ, ಬುಡದಲ್ಲೋ ತುದಿಯಲ್ಲೋ?

"ಮೂತಿತಾವ ಕಣತ್ಗೆ. ಬಾಳೆಹೂವ ಬುಡಿಸ್ದಂಗೆ ಬುಟ್ಕಂಡಿತ್ತು" ಅಂದ. ಅಷ್ಟು ಹೇಳಿ, "ಯಾಕೆ?" ಎಂದು ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. ಸುಮ್ಮನೆ ಕೇಳಿದೆ ಎಂದು ಒಳಗೆ ಹೋಗಿ, ಒಲೆಯ ಮುಂದೆ ಕೂತು ಅತ್ತುಬಿಟ್ಟೆ.

ಯಾಕೆ ಅತ್ತೆನೆಂದರೆ, ಕಬ್ಬಿಣ ಕೆಟ್ಟಿದ್ದರೆ ಕೋವಿ ಒಡೆಯುವುದು ಬುಡದಲ್ಲಿ, ಮದ್ದು ಉರಿಯುವ ಜಾಗದಲ್ಲಿ. ತುದಿಯಲ್ಲಿ ಒಡೆದರೆ ಬಾಯಿಗೆ ಏನೋ ಸಿಕ್ಕಿಕೊಂಡಿತ್ತೆಂದೇ ಅರ್ಥ. ನಮ್ಮ ಅಂಗಡಿಯಲ್ಲಿ ಕೂತ ಯಾರಿಗಾದರೂ ಇದು ಗೊತ್ತು. ಆದರೆ ಒಡೆದ ಕೋವಿಯನ್ನು ಅದೇ ದಿನ ಪೊಲೀಸರು ಒಯ್ದರು. ನೀವು ಅಪ್ಪನ ಹೆಸರು ಹಿಡಿದು ಕೂಗಿದಿರಿ, ನಾನು ಟ್ರಂಕು ಹಿಡಿದು ಬಸ್ಸು ಹತ್ತಿದೆ. ಎಲ್ಲಿ ಒಡೆಯಿತೆಂದು ನೀವು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಯಾಕೆ ಕೇಳಲಿಲ್ಲ ಎಂಬುದನ್ನು ಈಗ ಬರೆಯಬೇಕು. ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಆ ಕೋವಿಯನ್ನು ನೋಡಿದ್ದು ಅಪ್ಪನಲ್ಲ. ನಾನು. ಅಪ್ಪನ ಎರಡೂ ಕಣ್ಣಿಗೆ ಪೊರೆ ಬಂದು ಆಗಲೇ ಎರಡು ವರ್ಷವಾಗಿತ್ತು. ಊರಿಗೆ ತಿಳಿದರೆ ಅಂಗಡಿಯ ಲೈಸೆನ್ಸು ಹೋಗುತ್ತಿತ್ತು, ಹೆಂಗಸಿನ ಕೈಗೆ ಕೋವಿ ಕೊಡುವವರು ಯಾರು? ಗೌರಿ ಹಬ್ಬಕ್ಕೆ ನಾನು ತವರಿಗೆ ಬಂದಾಗ ನೀವು ಆ ಕೋವಿಯನ್ನೂ ಕಳಿಸಿದಿರಿ. ಮೈ ನೋಡಿದೆ, ಬಾಯಿ ನೋಡಿದೆ, ದೋಷವಿಲ್ಲವೆಂದು ಚೀಟಿ ಬರೆದೆ. ಅಪ್ಪ ರುಜು ಹಾಕಿದರು, ಅದೂ ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ. ಹಿರಿಯರ ಮುಂದೆ ನೀವು "ನಿಮ್ಮಪ್ಪನ ಕೈ" ಎಂದಾಗ, ಅದು ನನ್ನ ಕೈ ಎನ್ನಲು ಬಾಯಿ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಬರೆ ತಿಂದ ಅಪ್ಪ ಇಂದಿಗೂ ಒಂದು ಮಾತು ಆಡಿಲ್ಲ.

ಆ ದಿನದಿಂದ ನಾನು ನಂಬದೆ ಇರುವುದು ನನ್ನ ಕಣ್ಣನ್ನು. ಒಂದೊಂದು ಕೋವಿಯನ್ನೂ ಮೂರು ಮೂರು ಸಲ ನೋಡುತ್ತೇನೆ. ಕೂದಲೆಳೆಯಷ್ಟು ಬಿರುಕೊಂದನ್ನು ಅಂದು ಕಾಣದೆ ಬಿಟ್ಟೆನೇನೋ, ಮಾದಪ್ಪನ ಕಣ್ಣನ್ನು ಕಿತ್ತವಳು ನಾನೇ ಏನೋ ಎಂದು ಅನ್ನ ಉಣ್ಣುವಾಗಲೂ ಅದೇ ಯೋಚನೆ. ನಿಮ್ಮ ಮನೆಗೆ ನಾನು ಬರದೆ ಉಳಿದದ್ದು ನಿಮ್ಮ ಮೇಲಿನ ಸಿಟ್ಟಿನಿಂದ ಎಂದು ನೀವು ತಿಳಿದಿರಬಹುದು. ಸಿಟ್ಟು ಆರು ತಿಂಗಳಿಗೇ ಆರಿತ್ತು. ಮಾದಪ್ಪನ ಮುಖ ನೋಡಲು ಹೆದರಿದ್ದೆ.

ಆ ವರ್ಷ ಕೋವಿ ಮನೆಗೆ ಬಂದ ಮೇಲೆ, ಆಯುಧಪೂಜೆಯ ಹಿಂದಿನ ದಿನ, ಅತ್ತೆಯವರು ಕಡಲೆಕಾಯಿ ಬಿಡಿಸುತ್ತ ನನ್ನೊಡನೆ ಆಡಿದ ಮಾತು ಈಗ ನೆನಪಿಗೆ ಬರುತ್ತಿದೆ. "ಲಿಂಗ ಕಟ್ಕಂಡೋರ ಮನೇಲಿ ಜೀವ ತಗ್ಯೋ ಸಾಮಾನ ಮಡಗಬೋದಾ ಕಣಮ್ಮಿ? ನನ್ ಮಕ್ಳಿಗೆ ಆ ಪಾಪ ತಟ್ಟಾಕಿಲ್ವಾ?" ಎಂದು ಕೇಳಿದರು. ಬೆಳೆ ಉಳಿಯಬೇಕಲ್ಲ ಅತ್ತೆ ಎಂದೆ. ಬಿಡಿಸಿದ ಬೀಜವನ್ನು ಮೊರಕ್ಕೆ ಹಾಕುತ್ತ, "ಬಾಯಿಗೆ ಶಿವನ ಬಸ್ಮ ಬಿದ್ರೆ ಎಂಥಾದೂ ಸಾಧುವಾಯ್ತದೆ. ಸದ್ದು ಮಾಡ್ಲಿ, ಕೊಲ್ಲದು ಬ್ಯಾಡ" ಅಂದರು. ನಳಿಗೆಯ ಮೇಲೆ ಮೂರು ಪಟ್ಟೆ ಎಳೆಯುತ್ತಾರೆ ಎಂದುಕೊಂಡು, ಹಾಗೇ ಮಾಡಿ ಅತ್ತೆ, ಒಳ್ಳೆಯದಾಗಲಿ ಎಂದು ನಗುತ್ತ ಹೇಳಿದವಳು ನಾನು. ಪೂಜೆ ಮುಗಿದ ಮೇಲೆ ಬಾಯಿಗೆ ಒಮ್ಮೆಯೂ ಕಣ್ಣಿಡಲಿಲ್ಲ. ನಾಲ್ಕನೆಯ ದಿನ ಮಾದಪ್ಪ ಹಂದಿಗೆ ಗುರಿಯಿಟ್ಟ. ತುದಿ ಒಡೆದು ಚೂರು ಕಣ್ಣಿಗೆ ಬಂತು.

ಈಗ ಈ ರೈಫಲ್ಲು. ಹಳೆಯ ಕೋವಿಯ ಮದ್ದಿಗೂ ಇದರ ಮದ್ದಿಗೂ ಅಜಗಜಾಂತರ. ನೀವು ಏಜೆಂಟರ ಮಾತು ನಂಬಿ ಹಾಗೇ ಕುದುರೆ ಎಳೆದಿದ್ದರೆ! ನಿಮ್ಮನ್ನು ಇಷ್ಟು ದಿನ ಬೈದುಕೊಂಡ ಬಾಯಲ್ಲೇ ಹೇಳುತ್ತೇನೆ, ನೀವು ಹೊಡೆಯದೆ ಕಳಿಸಿದ್ದು ನನ್ನ ಪುಣ್ಯ.

ನಿನ್ನೆ ಊರಾಚೆಯ ಕಲ್ಲುಗಣಿಗೆ ಒಯ್ದು ಹೊಡೆದು ನೋಡಿದೆವು. ಮೊದಲ ಗುಂಡು ನಮ್ಮ ಪದ್ಧತಿಯಂತೆ ಎತ್ತಿನ ಗಾಡಿಯ ಮೂಕಿಮರಕ್ಕೆ ರೈಫಲ್ ಕಟ್ಟಿ, ದೂರದಿಂದ ದಾರ ಎಳೆದು. ಏನೂ ಆಗಲಿಲ್ಲ. ಅಪ್ಪ ಬಂಡೆಯ ಮೇಲೆ ಕೂತು ಕಿವಿಗೊಟ್ಟಿದ್ದರು, "ದನಿ ಚೊಕ್ಕವಾಗಿ ಅದೆ" ಎಂದರು. ಎರಡನೆಯದನ್ನು ನಾನು ಹೊಡೆಯಬೇಕೆಂದು ಎತ್ತಿಕೊಂಡರೆ ಮಾದಪ್ಪ ಕೈಯಿಂದ ಕಿತ್ತುಕೊಂಡ. ಬೇಡವೆಂದು ಅಂಗಲಾಚಿದೆ. "ನೀವು ನೋಡಿದ್ದಲ್ವಾ ಅತ್ಗೆ? ಸಾಕು ಬುಡಿ" ಎಂದು ಭುಜಕ್ಕೆ ಹಿಡಿದು, ಇರುವ ಒಂದು ಕಣ್ಣನ್ನು ಗುರಿಗೆ ಇಟ್ಟ. ನಾನು ಮಹದೇಶ್ವರನನ್ನು ನೆನೆದು ಕಣ್ಣು ಮುಚ್ಚಿಕೊಂಡೆ. ಐವತ್ತು ಗಜಕ್ಕೆ ಎರಡು ಬೆರಳು ಎಡಕ್ಕೆ ಬಿತ್ತು. ಮುಂದಿನ ಗುರಿಕಡ್ಡಿಯನ್ನು ಸರಿಸಿದ ಮೇಲೆ ಮೂರು ಗುಂಡೂ ಒಂದು ಅಂಗೈ ಅಗಲದಲ್ಲಿ ಬಿದ್ದವು.

ಆದ್ದರಿಂದ ನೀವು ಕೇಳಿದ್ದಕ್ಕೆ ಉತ್ತರ. ರೈಫಲ್ ಒಳ್ಳೆಯದು. ಮರದ ವಿಷಯದಲ್ಲಿ ಮೋಸವಿದೆ, ಕಬ್ಬಿಣದಲ್ಲಿ ಇಲ್ಲ.

ಇನ್ನೊಂದು ಅನುಮಾನ ಉಳಿದಿದೆ. ಗಣಿಯಿಂದ ಬರುತ್ತ ಮಾದಪ್ಪನನ್ನು ಕೇಳಿದೆ, ನಾನು ನೋಡಿದ್ದು ಎಂದೆಯಲ್ಲ, ಅಪ್ಪ ನೋಡಿದ್ದು ಎನ್ನಬೇಕಲ್ಲವೇ ಎಂದು. ಅವನು ತಲೆ ತಗ್ಗಿಸಿ, "ಅಣ್ಣ ಏಳ್ದ. ಚೀಟಿ ಮಾವಂಗೆ ಕೊಡು, ರೈಫಲ್ ಮಾತ್ರ ನಿಮ್ಮತ್ಗೆ ಕೈಗೇ ಕೊಡು ಅಂತ" ಅಂದ. ಹಾಗಾದರೆ ನಿಮಗೆ ಗೊತ್ತಿತ್ತು. ಎಂದಿನಿಂದ? ಆ ಹಳೆಯ ಚೀಟಿಯ ಅಕ್ಷರ ನನ್ನದೆಂದು ಹಿರಿಯರ ಮುಂದೆ ನಿಂತಾಗಲೇ ತಿಳಿದಿತ್ತೇ? ತಿಳಿದೂ ನನ್ನ ಹೆಸರು ಎತ್ತದೆ ಅಪ್ಪನ ಹೆಸರು ಹಿಡಿದಿರೇ? ಇದಕ್ಕೆ ನಿಮ್ಮನ್ನು ಬೈಯಬೇಕೋ ಕಾಲು ಹಿಡಿಯಬೇಕೋ ಇನ್ನೂ ತೀರ್ಮಾನವಾಗಿಲ್ಲ.

ಒಂದು ಬೇಡಿಕೆ. ಅತ್ತೆಯವರಿಗೆ ಇದನ್ನು ಹೇಳಬೇಡಿ. ಮಕ್ಕಳಿಗೆ ಪಾಪ ತಟ್ಟಬಾರದೆಂದು ಮಾಡಿದ ಕೈ ಅದು. ಅದೇ ಕೈಯಿಂದ ಕಿರಿಯ ಮಗನ ಕಣ್ಣು ಹೋಯಿತೆಂದು ತಿಳಿದರೆ ಆ ಜೀವ ಉಳಿಯುವುದಿಲ್ಲ. ಮಾದಪ್ಪನಿಗೂ ನಾನು ಹೇಳಿಲ್ಲ. ಊರವರು ಇದುವರೆಗೆ ಬೀಗರ ತಪ್ಪು ಎಂದುಕೊಂಡಿದ್ದಾರೆ, ಹಾಗೇ ಅಂದುಕೊಳ್ಳಲಿ. ಅಪ್ಪನನ್ನು ಕೇಳಿದೆ, "ನಂಗೆ ವಯಸ್ಸಾಯ್ತು ಕಣವ್ವ, ಹೊತ್ಕತೀನಿ" ಅಂದರು. ಆದರೆ ಹೇಳದೆ ಬಿಟ್ಟರೆ ಮುಂದಿನ ಮಹಾನವಮಿಗೆ ಮತ್ತೆ ವಿಭೂತಿ ಬೀಳುತ್ತದೆ. ಪೂಜೆ ಮುಗಿದ ಸಂಜೆಯೇ ಕೋವಿಯ ಬಾಯಿ ನೋಡಿ ಇಡುವವರೊಬ್ಬರು ಆ ಮನೆಯಲ್ಲಿ ಇರಬೇಕು. ನಿಮ್ಮಿಂದ ಅದು ಆಗುವುದಿಲ್ಲ, ನೀವು ತೆಂಗಿನಕಾಯಿಯನ್ನೇ ಅಲ್ಲಾಡಿಸಿ ನೋಡದವರು. ಯೋಚನೆ ಮಾಡಿ.

ಅತ್ತೆಯವರಿಗೆ ನನ್ನ ಶರಣು ಹೇಳಿ.

ಇತಿ, ನಿಮ್ಮ ಮನೆಯ ಅನುಮಾನದ ಗಿರಾಕಿ,
ಶಾಂತಮಲ್ಲಮ್ಮ

ಮತ್ತೆ: ರೈಫಲ್ಲನ್ನು ಗೋಣಿಯಲ್ಲಿ ಹೊಲಿದು ಕಳಿಸಿದ್ದೇನೆ, ದಾರಿಯಲ್ಲಿ ಬಿಚ್ಚಬೇಡವೆಂದು ಮಾದಪ್ಪನಿಗೆ ಹೇಳಿದ್ದೇನೆ. ನೀವು ಬಿಚ್ಚಿದಾಗ ಗಾಬರಿಯಾಗಬೇಡಿ. ಬೋಲ್ಟು ಅದರಲ್ಲಿಲ್ಲ. ಅದು ನನ್ನ ಟ್ರಂಕಿನಲ್ಲಿ ಕಾಡಿಗೆ ಡಬ್ಬಿಯ ಪಕ್ಕದಲ್ಲಿದೆ, ಟ್ರಂಕು ಕಟ್ಟಿ ಆಗಿದೆ. ಬೋಲ್ಟಿಲ್ಲದ ರೈಫಲ್ಲೂ ಒನಕೆಯೂ ಒಂದೇ, ಹಂದಿ ಹೆದರುವುದಿಲ್ಲ. ಮಾದಪ್ಪನ ಕೈಗೆ ಕೊಡುವುದಿಲ್ಲ, ಅಂಚೆಗೂ ಹಾಕುವುದಿಲ್ಲ. ನೀವೇ ಬನ್ನಿ. ಆ ವಿಭೂತಿಯನ್ನು ಎಸೆಯಲು ಮನಸ್ಸು ಬರಲಿಲ್ಲ, ಪುಡಿ ಮಾಡಿ ಇಂದು ಬೆಳಿಗ್ಗೆ ಹಣೆಗೆ ಇಟ್ಟುಕೊಂಡೆ.